ಸೂಜಿಗೆ ಬಳಿದ ಉಗುರುಬಣ್ಣ

ಉಲ್ಮ್ ವಿಶ್ವವಿದ್ಯಾಲಯದ ಗುಡ್ಡದ ಬುಡದ ಅಂಗಡಿಯಲ್ಲಿ ಲೋಟಾರ್ ಕ್ನಾಪ್ ಎಂಬ ಗಂಟುಮೋರೆಯ ಮನುಷ್ಯ ವರ್ಷಗಟ್ಟಲೆ ಒಂದೇ ಜಾತಿಯ ಕೆಂಪು ಉಗುರುಬಣ್ಣ ಕೊಂಡ. ಗಲ್ಲಾದಲ್ಲಿ ಕೂರುವ ಹೈಡ್ರುನ್‌ಗೆ ಅವನನ್ನು ರೇಗಿಸದೆ ತಿಂದದ್ದು ಅರಗುತ್ತಿರಲಿಲ್ಲ.

"ಯಾರಿಗೆ ಕ್ನಾಪ್ ಅವರೇ, ನಿಮಗೇನಾ?"

"ಸೂಜಿಗೆ," ಎನ್ನುತ್ತಿದ್ದ ಅವನು.

ಸುಳ್ಳೇನಲ್ಲ. ಪ್ರಯೋಗಾಲಯದ ಸೂಕ್ಷ್ಮದರ್ಶಕಕ್ಕೆ ಸೂಜಿ ಮಾಡಿಕೊಡುವುದೇ ಅವನ ಕಸುಬು. ಚಿನ್ನದ ತುಣುಕನ್ನು ಆಮ್ಲದಲ್ಲಿ ಮುಳುಗಿಸಿ ಸರಿಯಾದ ವಿದ್ಯುತ್ ಕೊಟ್ಟರೆ ಆಮ್ಲದೊಳಗಿನ ಅಯಾನುಗಳು ಬಂದು ಚಿನ್ನಕ್ಕೆ ಅಂಟಿಕೊಳ್ಳುತ್ತವೆ. ಅವುಗಳನ್ನು ಮುಟ್ಟದೆ, ಇನ್ನೇನು ಮುಟ್ಟಿತು ಎನ್ನುವಷ್ಟು ಹತ್ತಿರ ಓಡಾಡಿ ಸೂಜಿ ಚಿತ್ರ ತೆಗೆಯುತ್ತದೆ. ಅದರ ಮೈಗೆಲ್ಲ ಬಣ್ಣ ಬಳಿದು ತುದಿಯೊಂದನ್ನೇ ಬರಿದಾಗಿ ಬಿಡಬೇಕು. ಇಲ್ಲದಿದ್ದರೆ ವಿದ್ಯುತ್ ಸೋರಿ ಚಿತ್ರವೆಲ್ಲ ಕಲಸುಮೇಲೋಗರವಾಗುತ್ತದೆ. ಮೊದಲ ಸಲ ಕ್ನಾಪ್ ಹೆಂಡತಿ ರೋಸ್ವಿತಾಳ ಬಾಟಲಿಯನ್ನೇ ಕದ್ದು ತಂದು ಬಳಿದಿದ್ದ. ಆ ಬಣ್ಣ ಆಮ್ಲಕ್ಕೆ ಜಗ್ಗಲಿಲ್ಲ. ಅಂದಿನಿಂದ ಅದೇ ಆಯಿತು.

ಕೊನೆಗೆ ಆ ಬಣ್ಣದ ತಯಾರಿಕೆಯೇ ನಿಂತುಹೋಯಿತು. ಬೇರೆ ಬಣ್ಣಗಳು ಆಮ್ಲದಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂದವು. ಸಂಶೋಧನೆ ಮಾಡುತ್ತಿದ್ದ ಹುಡುಗಿ ಆಯ್ಲಿನ್‌ಗೆ ಒಂದೇ ಒಂದು ಚಿತ್ರ ಬಾಕಿಯಿತ್ತು. ತಿಂಗಳ ಕೊನೆಗೆ ಅವಳು ಜಾಗ ಖಾಲಿ ಮಾಡಬೇಕು.

"ಎಲ್ಲೂ ಒಂದು ಹನೀನೂ ಇಲ್ವಾ?" ಎಂದಳು.

"ನೋಡ್ತೀನಿ."

ಎಲ್ಲಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮನೆಯ ಬಚ್ಚಲಿನ ಕನ್ನಡಿಯ ಕೆಳಗೆ ರೋಸ್ವಿತಾಳ ಬಾಟಲಿ ನಿಂತಿತ್ತು, ತಳದಲ್ಲಿ ಚೂರು ಬಣ್ಣ. ಅವಳು ತೀರಿಕೊಂಡ ಮೇಲೆ ದೂಳು ಒರೆಸುವಾಗಲೂ ಅದನ್ನು ಅವನು ಕದಲಿಸಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಅವಳ ಉಗುರುಗಳ ಬಣ್ಣವನ್ನೆಲ್ಲ ಒರೆಸಿದ್ದಳು. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಕ್ಲಿಪ್ಪಿಗೆ ಬಣ್ಣ ಅಡ್ಡಿಯಂತೆ.

"ಕ್ಲಿಪ್ಪು ಒಂದು ಬೆರಳಿಗೆ ತಾನೇ," ಎಂದು ರೋಸ್ವಿತಾ ಕೈ ಚಾಚಿದ್ದಳು. "ಈ ಕಿರುಬೆರಳಿಗಾದ್ರೂ ಹಚ್ಚೋ ಲೋಟಾರ್. ಸೂಜಿಗೆ ಹಚ್ತೀಯ, ನಂಗೆ ಹಚ್ಚೋಕಾಗಲ್ವಾ?"

"ಬೇಡ ಅಂದಿದ್ದಾರಲ್ಲ ರೋಸಿ. ಮನೆಗೆ ಬಾ, ಹಚ್ತೀನಿ."

ಬಾಟಲಿ ಆಗ ಅವನ ಜೇಬಿನಲ್ಲೇ ಇತ್ತು. ನಿಯಮವೆಂದರೆ ನಿಯಮ ಎಂದೇ ಬಾಳಿದ ಮನುಷ್ಯ. ರೋಸ್ವಿತಾ ಮನೆಗೆ ಬರಲಿಲ್ಲ. ಬೋಳು ಉಗುರುಗಳಲ್ಲೇ ಅವಳನ್ನು ಮಣ್ಣು ಮಾಡಿದರು.

ಈಗ ಬಾಟಲಿಯನ್ನು ಜೇಬಿನಲ್ಲಿಟ್ಟುಕೊಂಡು ಗುಡ್ಡ ಹತ್ತಿದ. ತೆಗೆಯಲಾರದೆ ಹಾಗೇ ಇಳಿದು ಬಂದ. ಮರುದಿನ ಆಯ್ಲಿನ್ ಆರಿದ ಕಾಫಿಯ ಮುಂದೆ ಕೆಟ್ಟ ಚಿತ್ರಗಳನ್ನೇ ದಿಟ್ಟಿಸುತ್ತ ಕೂತಿದ್ದಳು. ನಾಳೆ ತರ್ತೀನಿ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಅಂಥದೇ ಮಾತನ್ನು ಹಿಂದೆ ಯಾರಿಗೆ ಹೇಳಿದ್ದೆನೆಂಬುದು ನೆನಪಾಯಿತು. ಕೈ ಜೇಬಿಗೆ ಹೋಯಿತು.

ಮುಚ್ಚಳ ತಿರುಗಿಸಿದಾಗ ಬಂದ ವಾಸನೆ ರೋಸ್ವಿತಾ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಶನಿವಾರದ ಸಂಜೆಗಳದು. ಸೂಜಿಗೆ ಅವಳ ಕುಂಚದಿಂದಲೇ ಬಳಿದ.

ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಆಮ್ಲದ ಸಲ್ಫೇಟ್ ಅಯಾನುಗಳು ಓರೆ ಸಾಲುಗಳಲ್ಲಿ ಸ್ಪಷ್ಟವಾಗಿ ಮೂಡಿದವು. ಆಯ್ಲಿನ್ ಬಾಯಿಗೆ ಕೈ ಅಡ್ಡ ಹಿಡಿದು ಅತ್ತೇಬಿಟ್ಟಳು. ಆಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ಇನ್ನೊಂದು ಸೂಜಿಗೆ ಆಗುತ್ತೆ. ಇಟ್ಕೊಳ್ಲಾ?"

"ಇಲ್ಲಮ್ಮ. ಅದು ಬೇರೆಯವರಿಗೆ ಸೇರಬೇಕಾದ್ದು."

ಮಾರನೆಯ ದಿನ ಕ್ನಾಪ್ ಸೋಪು ಕೊಳ್ಳಲು ಅಂಗಡಿಗೆ ಹೋದ. ದುಡ್ಡು ಕೊಡಲು ಎಡಗೈ ಚಾಚಿದಾಗ ಹೈಡ್ರುನ್ ಕಣ್ಣು ಅವನ ಕಿರುಬೆರಳಿಗೆ ಬಿತ್ತು. ಉಗುರು ಕೆಂಪಗಿತ್ತು. ಅಂಚಿನಾಚೆ ಒಂದು ಎಳೆಯೂ ಹರಡಿರಲಿಲ್ಲ.

"ಓಹೋ, ಕೊನೆಗೂ ನಿಮಗೇ ಹಚ್ಕೊಂಡ್ರಾ?"

"ರೋಸ್ವಿತಾಗೆ," ಎಂದ ಅವನು. "ಹಚ್ತೀನಿ ಅಂದಿದ್ದೆ. ತಡ ಆಗೋಯ್ತು."

ಹೈಡ್ರುನ್ ಚಿಲ್ಲರೆಯನ್ನು ಅವನ ಅಂಗೈಯಲ್ಲಿಟ್ಟಳು, ಆ ಬೆರಳಿಗೆ ತಾಗದ ಹಾಗೆ.