ಅಕ್ಕ ಹಾಕಿದ ಗುರುತು

ನಮ್ಮಕ್ಕ ಮೂವತ್ತು ವರ್ಷದಿಂದ ಹೊಲಿಗೆ ಮಷಿನ್ ಮುಂದೆಯೇ ಕೂತವಳು. ಊರಿನ ಅರ್ಧ ಹೆಂಗಸರ ಸೊಂಟದ ಅಳತೆ ಅವಳಿಗೆ ಬಾಯಿಪಾಠ. ತನ್ನ ಮೈಯ ಸುದ್ದಿಗೆ ಮಾತ್ರ ಬಾಯಿ ಬಿಡಳು. ಕಕ್ಕಸಿನಲ್ಲಿ ರಕ್ತ ಕಂಡಾಗ, ಕೂತು ಕೂತು ಮೂಲವ್ಯಾಧಿ ಬಂದಿದೆ ಎಂದು ತಾನೇ ತೀರ್ಮಾನಿಸಿದಳು. ಕೂತರೆ ನೋವಾಗುತ್ತದಲ್ಲ, ನಡುವೆ ತೂತಿರುವ ಮೆತ್ತೆಯೊಂದನ್ನು ಹೊಲಿದುಕೊಂಡಳು. ಎಷ್ಟು ಹದವಾಗಿ ಹೊಲಿದಿದ್ದಳೆಂದರೆ ದಿನವಿಡೀ ಕೂತರೂ ನೋವು ಅಷ್ಟಾಗಿ ತಿಳಿಯುತ್ತಿರಲಿಲ್ಲ. ಆ ಜಾಗದಲ್ಲಿ ಗಂಟೊಂದು ಕೈಗೆ ಸಿಕ್ಕಿದ ಮೇಲೆ ಮೆತ್ತೆಯ ತೂತನ್ನು ಇನ್ನೊಂದಿಷ್ಟು ದೊಡ್ಡದು ಮಾಡಿದಳು. ಹೀಗೇ ಒಂದೂವರೆ ವರ್ಷ ತಳ್ಳಿದಳು, ಪುಣ್ಯಾತ್ಗಿತ್ತಿ!

ರಕ್ತದ ಕಲೆಯ ಬಟ್ಟೆ ನನ್ನ ಕಣ್ಣಿಗೆ ಬಿದ್ದ ದಿನವೇ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮನಿಗೆ ಕೈಗವಸು ಹಾಕಿ ಬೆರಳಿನಿಂದ ಪರೀಕ್ಷಿಸಲು ಒಂದೇ ನಿಮಿಷ ಸಾಕಾಯಿತು. "ಇದು ಮೂಲವ್ಯಾಧಿ ಥರ ಇಲ್ಲಮ್ಮ. ಚೂರು ತೆಗೆದು ಪರೀಕ್ಷೆಗೆ ಕಳಿಸೋಣ" ಎಂದರು. ಗುದದ್ವಾರದ ಕ್ಯಾನ್ಸರ್ ಎಂದು ಬಂತು. ಆರು ವಾರ ವಿಕಿರಣ, ಜೊತೆಗೆ ಕೀಮೋ ಕೊಟ್ಟರು. ಗಂಟು ಕರಗಿತು, ಪೂರ್ತಿ ಕರಗಲಿಲ್ಲ. ಆರು ತಿಂಗಳು ಕಾದು ನೋಡಿದ ಡಾಕ್ಟರಮ್ಮ, ಇನ್ನು ಆಪರೇಷನ್ ಒಂದೇ ದಾರಿ ಎಂದರು. ಗುದದ್ವಾರವನ್ನು ತೆಗೆದು ಮುಚ್ಚಬೇಕು, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು, ಮಲ ಬೀಳಲು ಅಲ್ಲೊಂದು ಚೀಲ ಅಂಟಿಸಬೇಕು. ಬದುಕಿರುವವರೆಗೂ ಆ ಚೀಲ ಇರುತ್ತದೆ.

ಅಕ್ಕ ಸುತರಾಂ ಒಪ್ಪಲಿಲ್ಲ. "ಅಳತೆ ಕೊಡೋಕೆ ಬಂದೋರು ಮೂಗು ಮುಚ್ಕೊಂಡು ಹೋಗ್ಬೇಕಾ? ಜೀವ ಹೋದ್ರೆ ಹೋಗ್ಲಿ ಬಿಡು."

"ಹೋಗ್ಲಿ ಅನ್ನೋಕೆ ಅದೇನು ನಿನ್ನೊಬ್ಬಳದಾ? ನಿನ್ನ ಬಿಟ್ರೆ ನಂಗ್ಯಾರಿದಾರೆ ಅಕ್ಕಾ?" ಎಂದು ಕಿರುಚಿದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ಮಾರನೆಯ ದಿನ ಚೀಲದ ವಿಷಯ ನೋಡಿಕೊಳ್ಳುವ ನರ್ಸ್ ವಾರ್ಡಿಗೆ ಬಂದರು. "ಒಪ್ಪದಿದ್ರೂ ಪರವಾಗಿಲ್ಲ, ಎಲ್ಲಿ ಬರುತ್ತೆ ಅಂತ ತೋರಿಸ್ತೀನಿ" ಎಂದು, ಮಲಗಿದ್ದ ಅಕ್ಕನ ಹೊಟ್ಟೆಯ ಎಡಗಡೆ ಪೆನ್ನಿನಿಂದ ಸೊನ್ನೆ ಸುತ್ತಿದರು.

ಅಕ್ಕ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದಳು. "ಮಲಗ್ಸಿ ಯಾರಾದ್ರೂ ಅಳತೆ ತಗೋತಾರೇನ್ರೀ?"

"ಹಾಗಾದ್ರೆ ಕೂತು ನೀವೇ ತೋರಿಸಿ" ಎಂದು ನರ್ಸ್ ನಕ್ಕರು.

ಅಕ್ಕ ಎದ್ದು, ಮಷಿನ್ ಮುಂದೆ ಕೂರುವ ಹಾಗೆಯೇ ಮಂಚದ ಅಂಚಿಗೆ ಕೂತಳು. "ನೋಡಿ, ಬಗ್ಗಿದ್ರೆ ಮಡಿಕೆ ನೀವು ಬರೆದ ಕಡೆನೇ ಬೀಳುತ್ತೆ. ಸೊಂಟದ ಪಟ್ಟಿನೂ ಇಲ್ಲೇ ಒತ್ತುತ್ತೆ." ಪೆನ್ನು ಕಿತ್ತುಕೊಂಡು, ಎರಡು ಬೆರಳು ಮೇಲಕ್ಕೆ ಅಳೆದು, ತಾನೇ ಇನ್ನೊಂದು ಸೊನ್ನೆ ಬರೆದಳು.

ನರ್ಸ್ ಅವಳನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಿದರು. "ಸರಿಯಾಗಿದೆ. ಅಂದ್ರೆ ಆಪರೇಷನ್‌ಗೆ ಒಪ್ಪಿದೀರಾ?"

"ಮತ್ತೆ ನಾನು ಗುರುತು ಹಾಕಿದ್ದು ಚಂದ ಕಾಣ್ಲಿ ಅಂತಾನಾ?"

ನನಗೆ ಅಳು ತಡೆಯಲಾಗಲಿಲ್ಲ. ತಬ್ಬಿಕೊಳ್ಳಲು ಹೋದರೆ ತಳ್ಳಿಬಿಟ್ಟಳು.

"ದೂರ ನಿಂತ್ಕೊಳೇ, ಶಾಯಿ ಇನ್ನೂ ಒಣಗಿಲ್ಲ!"