ಕಾಶೆವ್ವ ಅಕ್ಕೋರ ಏಳನೆಯ ಇಯತ್ತೆ

ಕಾಶೆವ್ವ ಹುಕ್ಕೇರಿಯವಳು. ಹದಿಮೂರಕ್ಕೆ ಮದುವೆಯಾಗಿ, ವರ್ಷ ತುಂಬುವುದರೊಳಗೆ ಪ್ಲೇಗಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ, ಅವಳ ಅಣ್ಣ ಲಕ್ಕಪ್ಪ ಮಂದಿಯ ಬಾಯಿಗೆ ಅಂಜದೆ ಅವಳನ್ನು ಶಾಲೆಗೆ ಕಳಿಸಿದ. ಗಂಡುಹುಡುಗರ ಹಿಂದೆ ಗೋಡೆಗೆ ಬೆನ್ನು ಹಚ್ಚಿ ಕೂತು ಅವಳು ಮುಲ್ಕಿ ಪರೀಕ್ಷೆ ಪಾಸಾದಳು. ಏಳನೆಯ ಇಯತ್ತೆಯ ಕೊನೆಗೆ ಬರುವ ಆ ಪರೀಕ್ಷೆ ದಾಟಿದವರು ಮಾತ್ರ ಧಾರವಾಡದ ಟ್ರೇನಿಂಗ್ ಕಾಲೇಜಿನ ಮೆಟ್ಟಿಲು ಹತ್ತಬಹುದಿತ್ತು. ಕಾಶೆವ್ವ ಹತ್ತಿದಳು, ಮಕ್ಕಳಿಗೆ ಕಲಿಸುವ ಅಕ್ಕೋರಾಗಿ ಇಳಿದಳು. ೧೯೨೪ರಲ್ಲಿ ಮೂಡಲಗಿಯ ಆಚೆಯ ಹಿರೇಹೊಂಡ ಎಂಬ ಊರಿನ ಹೆಣ್ಣುಮಕ್ಕಳ ಶಾಲೆಗೆ ಅವಳನ್ನು ಹಾಕಿದರು.

ಶಾಲೆಯೆಂದರೆ ಊರ ಹಿರಿಯ ಖಂಡೆಪ್ಪನ ವಾಡೆಗೆ ಹತ್ತಿದ ಉದ್ದನೆಯ ಪಡಸಾಲೆ. ಪಗಾರ ಕೊಡುವುದು ಜಿಲ್ಲಾ ಶಾಲಾ ಬೋರ್ಡು, ಜಾಗ ಕೊಟ್ಟಿದ್ದು ಖಂಡೆಪ್ಪ. ಶಾಲೆಯ ಕಮಿಟಿಗೂ ಅವನೇ ಮುಖ್ಯಸ್ಥ. ಕೆಟ್ಟ ಮನುಷ್ಯನಲ್ಲ. ಬಸವ ಜಯಂತಿಯ ದಿನ ಎಲ್ಲರೂ ಒಂದೇ ಎಂದು ಕಣ್ಣು ಒದ್ದೆ ಮಾಡಿಕೊಂಡು ಮಾತಾಡುತ್ತಿದ್ದ. ತನ್ನ ಮಗಳು ಶಿವವ್ವನನ್ನು ಮೊದಲು ಶಾಲೆಗೆ ತಂದು ಕೂಡಿಸಿದವನೂ ಅವನೇ. ಖಂಡೆಪ್ಪನ ಮಗಳೇ ಬಂದಮೇಲೆ ಉಳಿದ ಮನೆಯವರೂ ಕಳಿಸಿದರು. ಒಂಬತ್ತು ವರ್ಷದಲ್ಲಿ ಶಿವವ್ವ ಏಳನೆಯ ಇಯತ್ತೆಗೆ ಬಂದಳು. ಆ ಸೀಮೆಯ ಹಳ್ಳಿಗಳಲ್ಲಿ ಅಷ್ಟು ದೂರ ಬಂದ ಹುಡುಗಿ ಇನ್ನೊಬ್ಬಳಿರಲಿಲ್ಲ. ಲೆಕ್ಕ ಬಿಡಿಸುವಾಗ ಅವಳು ಹುಬ್ಬು ಗಂಟಿಕ್ಕುವುದನ್ನು ನೋಡುತ್ತ ಕಾಶೆವ್ವ, ತಾನು ಹೋದಮೇಲೂ ಈ ಕುರ್ಚಿ ಖಾಲಿ ಬೀಳುವುದಿಲ್ಲ ಎಂದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಹತ್ತಿಯ ಧಾರಣೆ ಬಿತ್ತು. ಸರಕಾರ ಬೋರ್ಡಿಗೆ ಕೊಡುವ ಗ್ರಾಂಟು ಕತ್ತರಿಸಿತು, ಬೋರ್ಡು ಶಾಲೆಗಳನ್ನು ಕತ್ತರಿಸಲು ಹೊರಟಿತು. ಮೊದಲು ಕಣ್ಣಿಗೆ ಬಿದ್ದದ್ದು ಹೆಣ್ಣುಮಕ್ಕಳ ಶಾಲೆಗಳು. ಇಪ್ಪತ್ತೈದಕ್ಕಿಂತ ಕಡಿಮೆ ಹಾಜರಿ ಇದ್ದಲ್ಲಿ ಶಾಲೆ ಮುಚ್ಚಿ ಗಂಡುಮಕ್ಕಳ ಶಾಲೆಗೆ ಸೇರಿಸಬೇಕು ಎಂದು ಹುಕುಂ ಬಂತು. ಹಿರೇಹೊಂಡದಲ್ಲಿ ಸುಗ್ಗಿ ಬಂದರೆ ಹದಿನೆಂಟು ಹುಡುಗಿಯರು ಕೂತರೆ ದೊಡ್ಡದು.

ಕಾಶೆವ್ವ ಮನೆ ಮನೆ ತಿರುಗಿದಳು. ಒಬ್ಬಳಿಗೆ ತಮ್ಮನನ್ನು ಆಡಿಸುವ ಕೆಲಸ, ಇನ್ನೊಬ್ಬಳಿಗೆ ಮದುವೆ ನಿಶ್ಚಯವಾಗಿತ್ತು. "ಬೇಸಿಗ್ಯಾಗ ನೋಡೂಣ್ರಿ ಅಕ್ಕೋರ" ಎಂದು ಎಲ್ಲರೂ ಚಹಾ ಕುಡಿಸಿ ಕಳಿಸಿದರು.

ಊರ ಹೊರಗೆ, ಹಳ್ಳದ ಆಚೆ, ಅಸ್ಪೃಶ್ಯರೆಂದು ಊರು ದೂರ ಇಟ್ಟವರ ಕೇರಿಯಿತ್ತು. ಬೋರ್ಡಿನ ಶಾಲೆಗೆ ಯಾವ ಜಾತಿಯ ಮಗುವನ್ನೂ ಬೇಡ ಎನ್ನುವಂತಿಲ್ಲ ಎಂಬ ಸರಕಾರಿ ಆಜ್ಞೆ ಹಳೆಯದೇ. ಹಿರೇಹೊಂಡದಲ್ಲಿ ಅದನ್ನು ಯಾರೂ ಎತ್ತಿ ಆಡಿರಲಿಲ್ಲ, ಕಾಶೆವ್ವನೂ ಆಡಿರಲಿಲ್ಲ. ಈಗ ಶಾಲೆ ಉಳಿಸಿಕೊಳ್ಳುವ ಅವಸರದಲ್ಲಿ ಅವಳಿಗೆ ಅದು ನೆನಪಾಯಿತು. ತನಗೆ ಬೇಕಾದದ್ದು ಮೊದಲು ತಲೆಗಳೇ ಎಂಬುದು ಅವಳಿಗೆ ಗೊತ್ತಿತ್ತು. ಹಳ್ಳ ದಾಟುವಾಗ ಅದಕ್ಕಾಗಿ ಅವಳಿಗೆ ಸ್ವಲ್ಪ ನಾಚಿಕೆಯೂ ಆಗಿತ್ತು.

ಕೇರಿಯಲ್ಲಿ ಉದ್ದವ್ವ ಎಂಬಾಕೆ ಜೋಳ ಕೇರುತ್ತಿದ್ದವಳು ಎದ್ದು ನಿಂತಳು.

"ನಿನ್ನ ಮಗಳನ್ನ ಸಾಲಿಗೆ ಕಳಸವಾ. ಫೀ ಇಲ್ಲ, ಏನಿಲ್ಲ."

ಉದ್ದವ್ವ ಮಗಳು ಗುಡ್ಡವ್ವನ ಕಡೆ ನೋಡಿ, ಮತ್ತೆ ಅಕ್ಕೋರ ಕಡೆ ನೋಡಿದಳು. "ಕಳಸ್ತೇವ್ರಿ. ಆದ್ರ ಊರಾಗಿನವ್ರು ಸುಮ್ನ ಇರ್ತಾರೇನ್ರಿ?"

"ಸರಕಾರದ ಆಜ್ಞಾ ಐತಿ. ಯಾರೂ ಏನೂ ಅನ್ನೂ ಹಂಗಿಲ್ಲ."

"ನೀವು ನಮ್ಮ ಬೆನ್ನಿಗೆ ಇರ್ತೀರಿ?"

"ಇರ್ತೇನಿ" ಎಂದಳು ಕಾಶೆವ್ವ.

ಸೋಮವಾರ ಆ ಕೇರಿಯಿಂದ ಒಂಬತ್ತು ಹುಡುಗಿಯರು ಬಂದರು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ತೊಳೆದ ಕಾಲು. ಬಾಗಿಲಲ್ಲೇ ಕೂಡಲು ಹೋದವರನ್ನು ಕಾಶೆವ್ವ ಒಳಗೆ ಕರೆದು ಚಾಪೆಯ ಮೇಲೆ ಕೂಡಿಸಿದಳು. ಗುಡ್ಡವ್ವ ಚುರುಕಿನ ಹುಡುಗಿಯಲ್ಲ. ಒಂದು ಅಕ್ಷರಕ್ಕೆ ಒಂದು ವಾರ ತೆಗೆದುಕೊಳ್ಳುತ್ತಿದ್ದಳು. ಆದರೆ ಬರೆದ ಅಕ್ಷರವನ್ನು ಅಳಿಸಲು ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ. ಪಾಟಿಯನ್ನು ಎದೆಗವಚಿಕೊಂಡು, "ನಾಳಿ ಅಳಸ್ತೇನ್ರಿ" ಎನ್ನುತ್ತಿದ್ದಳು.

ಮೂರನೆಯ ದಿನ ಬೇರೆ ಹುಡುಗಿಯರು ಬರುವುದು ತಪ್ಪಿತು. ಮೊದಲು ಇಬ್ಬರು, ಆಮೇಲೆ ಒಂದು ಓಣಿಗೆ ಓಣಿಯೇ. ವಾರ ಕಳೆಯುವಷ್ಟರಲ್ಲಿ ಶಿವವ್ವನೂ ಕಾಣಲಿಲ್ಲ. ಖಂಡೆಪ್ಪ ಕಾಶೆವ್ವನನ್ನು ವಾಡೆಗೆ ಕರೆಸಿದ.

"ಅಕ್ಕೋರ, ನಾ ಏನೂ ಅನ್ನೂದಿಲ್ಲ. ನನ್ನ ಮನಸ್ಸಿನ್ಯಾಗ ಭೇದ ಇಲ್ಲ. ಆದ್ರ ಮಂದಿ ಕೇಳೂದಿಲ್ರಿ. ಅವರನ್ನ ಹೊರಗ ಕಟ್ಟಿ ಮ್ಯಾಲ ಕೂಡಸ್ರಿ, ನಾಳಿಗೆ ಎಲ್ಲಾರೂ ಬರ್ತಾರ."

"ಹೊರಗ ಬಿಸಲೈತ್ರಿ, ಕಾಕಾ. ಮತ್ತ ಆಜ್ಞಾ—"

"ಆಜ್ಞಾ ನನಗೂ ಗೊತ್ತೈತಿ. ಆದ್ರ ಪಡಸಾಲಿ ನನ್ನದೈತಿ."

ಕಾಶೆವ್ವ ತಲೆ ತಗ್ಗಿಸಿ ಕೂತಳು. ಒಂಬತ್ತು ಹುಡುಗಿಯರನ್ನು ಕಟ್ಟೆಗೆ ಕಳಿಸಿದರೆ ಶಾಲೆ ಉಳಿಯುತ್ತದೆ, ಶಿವವ್ವ ಪರೀಕ್ಷೆಗೆ ಕೂಡುತ್ತಾಳೆ. ಹಾಗೆ ಮಾಡಿಬಿಡಬೇಕೆಂದು ಅವಳಿಗೆ ನಿಜವಾಗಿಯೂ ಅನಿಸಿತು. ಕೊನೆಗೆ, "ಶಿವವ್ವನ ಜೋಡಿ ಎರಡು ಮಾತು ಆಡ್ಲೇನ್ರಿ?" ಎಂದಳು. ಶಿವವ್ವನಿಗೆ ತಾನು ಕಲಿಸಿದ್ದು ಬರೀ ಲೆಕ್ಕವಲ್ಲ, ಅವಳೇ ಬಂದು ಕೂತರೆ ಉಳಿದವರೂ ಬರುತ್ತಾರೆ ಎಂಬ ಆಸೆ.

ಶಿವವ್ವ ಒಳಬಾಗಿಲಿಗೆ ಬಂದು ನಿಂತಳು.

"ಪರೀಕ್ಷಾ ಹತ್ತರ ಬಂತು, ತಂಗೀ. ಅಪ್ಪಾಗ ನೀ ಒಂದು ಮಾತು ಹೇಳು."

ಹುಡುಗಿ ಅಪ್ಪನ ಕಡೆ ನೋಡಲೂ ಇಲ್ಲ. "ಅಪ್ಪಾ ಬ್ಯಾಡ ಅಂದಿಲ್ರಿ, ಅಕ್ಕೋರ. ನಾನs ಒಲ್ಲೆ ಅಂದೇನಿ. ಅವರ ಬಾಜೂಕ ನಾ ಕೂಡೂದಿಲ್ಲ."

ಕಾಶೆವ್ವನಿಗೆ ತಾನು ಒಂಬತ್ತು ವರ್ಷ ಕೈಹಿಡಿದು ತಿದ್ದಿಸಿದ ಹುಡುಗಿಯ ಮುಖ ಅಪರಿಚಿತರ ಮುಖದಂತೆ ಕಂಡಿತು. ಅವಳು ಎದ್ದು ಬಂದುಬಿಟ್ಟಳು. ಮರುದಿನವೂ ಆ ಒಂಬತ್ತು ಮಂದಿಯನ್ನು ಒಳಗೇ ಕೂಡಿಸಿದಳು. ಅದು ಧೈರ್ಯವೋ ಹೇಸಿಕೆಯೋ ಅವಳಿಗೇ ತಿಳಿಯಲಿಲ್ಲ.

ಬೋರ್ಡಿನಿಂದ ದಿಪೋಟಿ ಸಾಹೇಬರು ತಪಾಸಣೆಗೆ ಬಂದಾಗ ಚಾಪೆಯ ಮೇಲೆ ಕೂತಿದ್ದವರು ಕೇರಿಯ ಒಂಬತ್ತು ಮಂದಿ ಸೇರಿ ಹನ್ನೊಂದು ಜನ. ಸಾಹೇಬರು ಮೆತ್ತಗಿನ ಮನುಷ್ಯ. ಗುಡ್ಡವ್ವನಿಂದ ಅವಳ ಹೆಸರು ಬರೆಸಿ ನೋಡಿ ಖುಷಿಪಟ್ಟರು.

"ಭಾಳ ಛಲೋ ಕೆಲಸ ಮಾಡೀರಿ, ಅಕ್ಕೋರ. ಎಲ್ಲಾರನ್ನೂ ಒಳಗ ಕೂಡ್ಸೀರಿ. ಇದನ್ನ ನನ್ನ ರಿಪೋರ್ಟಿನ್ಯಾಗ ಬರೀತೇನಿ."

"ಹಂಗಾದ್ರ ಸಾಲಿ ಉಳೀತೈತೇನ್ರಿ?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹನ್ನೊಂದs ಅದಾರಲ್ರಿ. ಅದು ಬ್ಯಾರೇ ಹುಕುಂ, ಇದು ಬ್ಯಾರೇ ಹುಕುಂ. ನನ್ನ ಕೈಯಾಗ ಏನೈತಿ?"

ಎರಡನ್ನೂ ಅವರು ಬರೆದರು. ಹೊಗಳಿದ್ದನ್ನು ಯಾರೂ ಓದಿದಂತೆ ಕಾಣಲಿಲ್ಲ, ಶಾಲೆ ಮುಚ್ಚಿತು. ಸೇರಿಸಿದರು ಎಂಬ ಮಾತೂ ಹೆಸರಿಗಷ್ಟೇ. ಊರೊಳಗಿನ ಹುಡುಗಿಯರು ಗಂಡುಹುಡುಗರ ಶಾಲೆಗೆ ಕಾಲಿಡಲಿಲ್ಲ. ಕೇರಿಯ ಹುಡುಗಿಯರು ಹೋದರು. ಅಲ್ಲಿಯ ಮಾಸ್ತರ ಅವರನ್ನು ಅಂಗಳದಲ್ಲಿ ಕೂಡಿಸಿದ, ದಿನಕ್ಕೊಮ್ಮೆಯೂ ಹೊರಬಂದು ನೋಡಲಿಲ್ಲ. ಒಬ್ಬೊಬ್ಬರಾಗಿ ಬಿಟ್ಟರು. ಶಿವವ್ವನಿಗೆ ಆ ಬೇಸಿಗೆಯಲ್ಲೇ ಮದುವೆಯಾಯಿತು.

ಕಾಶೆವ್ವನನ್ನು ಘೋಡಗೇರಿಗೆ ವರ್ಗ ಮಾಡಿದರು. ಹೋಗುವ ಮುಂಚೆ ಅವಳು ಹಳ್ಳ ದಾಟಿ ಕೇರಿಗೆ ಹೋದಳು. ಉದ್ದವ್ವ ಈ ಸಲ ಕೂತಲ್ಲಿಂದ ಏಳಲಿಲ್ಲ.

"ಖಂಡೆಪ್ಪ ಗೌಡ್ರು ನಮ್ಮವರನ್ನ ಹೊಲದ ಕೆಲಸಕ್ಕ ಕರಿಯೂದು ಬಿಟ್ಟಾರ್ರಿ, ಅಕ್ಕೋರ. ಹುಡುಗೀನ ಕರ್ಕೊಂಡು ನಾವು ಗೋಕಾಕ ಫಾಲ್ಸಿನ ಗಿರಣಿ ಕಡೆ ಹೊಂಟೇವಿ. ಅಲ್ಲೆ ಕೂಲಿ ಸಿಕ್ಕರ ಸಿಕ್ತು."

"ನನ್ನ ಕೈಲಾದದ್ದು ನಾ ಮಾಡಿದೆ, ಉದ್ದವ್ವ."

"ಮಾಡೀರ್ರಿ. ನೀವು ಇನ್ನೊಂದು ಊರಿಗೆ ಹೊಂಟ್ರಿ, ಪಗಾರ ಅಲ್ಲೂ ಬರತೈತಿ. ನೀವು ಬರದಿದ್ರ ನಾವು ಇದ್ದ ಹಂಗ ಇರತಿದ್ವಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕಾಶೆವ್ವನಿಗೆ ಸ್ವಲ್ಪ ಹಗುರಾಗುತ್ತಿತ್ತು.

ಗುಡ್ಡವ್ವ ಗುಡಿಸಲಿನಿಂದ ಹೊರಗೆ ಬರಲಿಲ್ಲ.

ಘೋಡಗೇರಿಯಲ್ಲಿ ಗಂಡು ಹೆಣ್ಣು ಕೂಡಿದ ದೊಡ್ಡ ಶಾಲೆ. ಅಲ್ಲಿ ಕಾಶೆವ್ವನಿಗೆ ಸಿಕ್ಕದ್ದು ಬಿನ್ನೆತ್ತೆ, ಅಕ್ಷರ ಗೊತ್ತಿಲ್ಲದ ಕೂಸುಗಳ ತರಗತಿ. ಮೇಲಿನ ಇಯತ್ತೆ ಅವಳ ಪಾಲಿಗೆ ಮತ್ತೆ ಬರಲೇ ಇಲ್ಲ. ಪ್ರತಿ ವರ್ಷ ಒಂದು ಹೊಸ ಸುತ್ತೋಲೆ ಬರುತ್ತಿತ್ತು: ಹಾಜರಿ ಹೆಚ್ಚಿಸಿ, ಖರ್ಚು ಇಳಿಸಿ. ಹೆಡ್‌ಮಾಸ್ತರ ಕೇದಾರಿ ಅವುಗಳಿಗೆ ಹೊಂದಿಕೊಂಡು ನಡೆಯುವ ಜಾಣ. ಅಲ್ಲಿಯ ಹೊರಕೇರಿಯ ಮಕ್ಕಳನ್ನು ಹಾಜರಿಯಲ್ಲಿ ಹಿಡಿಯುತ್ತಿದ್ದರು, ಕೂಡಿಸುವುದು ಮಾತ್ರ ಪಡಸಾಲೆಯ ಹೊರಗೆ.

ಮೊದಲ ವರ್ಷ ಕಾಶೆವ್ವ ಒಮ್ಮೆ ಕೇಳಿದಳು, "ಆ ಹುಡುಗ್ರನ್ನ ಒಳಗ ಕೂಡಸಬಾರದೇನ್ರಿ?"

ಕೇದಾರಿ ನಕ್ಕ. "ಹಿರೇಹೊಂಡದಾಗ ಕೂಡಸಿದ್ರಿ ಅಲ್ಲೇನ್ರಿ? ಆ ಸಾಲಿ ಎಲ್ಲೈತಿ ಈಗ?"

ಆಮೇಲೆ ಅವಳು ಕೇಳಲಿಲ್ಲ. ಹೊರಗಿನ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಮನಸ್ಸಾಗಿ ಬಾಗಿಲವರೆಗೆ ಹೋಗಿ, ಕೇದಾರಿಯ ಕೆಮ್ಮು ಕೇಳಿ ಹಿಂದಿರುಗಿದ್ದುಂಟು. ಹೀಗೆ ಹಿಂದುಮುಂದು ನೋಡುತ್ತಲೇ ವರ್ಷಗಳು ಕಳೆದವು, ಕೂದಲು ಬೆಳ್ಳಗಾಯಿತು. ರಿಟೈರಾಗುವ ಮುಂಚಿನ ದಿನಗಳಲ್ಲಿ ಅವಳಿಗೆ ಗದ್ದಲ ತಡೆದುಕೊಳ್ಳಲಾಗುತ್ತಿರಲಿಲ್ಲ. ಹೊರಗೆ ಕೂತವರ ದನಿ ಏರಿದಾಗ, ಒಳಗಿನ ಕೂಸುಗಳಿಗೆ ಅಕ್ಷರ ಹೇಳುತ್ತಲೇ ಎದ್ದು ಹೋಗಿ ಬಾಗಿಲನ್ನು ಎಳೆದು ಮುಚ್ಚಿ ಬರುತ್ತಿದ್ದಳು.