ಗಂಟೆ ನಿಂತ ಮೇಲೆ

ಆ ಲಾಂಡ್ರಿಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದವಳು ಆಕೆಯೊಬ್ಬಳೇ. ಹಾಗಾಗಿ ಮ್ಯಾನೇಜರರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರ ಬಾಯಲ್ಲೂ ಆಕೆ ಇಂಗ್ಲಿಷಮ್ಮ. ಆಸ್ಪತ್ರೆ, ಹೋಟೆಲುಗಳಿಂದ ಗಾಡಿಗಟ್ಟಲೆ ಬರುವ ಹಾಸುಬಟ್ಟೆಗಳನ್ನು ಒಗೆದು, ಒಣಗಿಸಿ, ಬಿಸಿ ಉರುಳೆಗಳ ನಡುವೆ ಹಾಯಿಸಿ, ಮಡಿಸಿ ಕಳಿಸುವ ಜಾಗ ಅದು. ಅಂಗಳದ ಈಚೆ ಆಫೀಸು, ಆಚೆ ಇಸ್ತ್ರಿ ಕೊಠಡಿ. ಆಫೀಸಿನ ಕಿಟಕಿಯ ಬದಿಗೆ ಟೈಪ್‌ರೈಟರ್ ಮುಂದೆ ಕೂತು ಆಕೆ ಇಪ್ಪತ್ತಾರು ವರ್ಷ ದುಡಿದಳು. ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ, ಯಾರ ಮಗುವಿನ ಔಷಧಿ ಬಾಟಲಿಯ ಮೇಲೆ ಏನು ಬರೆದಿದ್ದರೂ ಅದು ಆಕೆಯ ಮೇಜಿಗೇ ಬರುತ್ತಿತ್ತು. ನಿಜ ಹೇಳಬೇಕೆಂದರೆ ಆಕೆಯ ಇಂಗ್ಲಿಷೂ ಅಷ್ಟಕ್ಕಷ್ಟೇ. ಆದರೆ ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿಯಲ್ಲವೇ? ಆ ಹೆಸರು ಕೇಳಿದಾಗಲೆಲ್ಲ ಆಕೆಗೆ ಒಳಗೊಳಗೇ ಹಿಗ್ಗು.

ಒಂದು ವರ್ಷ ಮಾಲೀಕರು ಎಲ್ಲಿಂದಲೋ ಬೆಂಕಿ ಬಿದ್ದರೆ ಎಚ್ಚರಿಸುವ ಗಂಟೆಯೊಂದನ್ನು ತರಿಸಿ ಇಸ್ತ್ರಿ ಕೊಠಡಿಗೆ ಹಾಕಿಸಿದರು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಸೂಚನೆಯ ಹಾಳೆಯೂ ಬಂದಿತ್ತು. ಮ್ಯಾನೇಜರರು ಅದನ್ನು ಆಕೆಯ ಮೇಜಿನ ಮೇಲಿಟ್ಟು, “ನಮ್ಮ ಹೆಂಗಸರಿಗೆ ತಿಳಿಯೋ ಹಾಗೆ ಬರ್ಕೊಡಿ ಇಂಗ್ಲಿಷಮ್ಮ. ನಾಳೆ ಪೇಂಟರ್ ಬರ್ತಾನೆ” ಎಂದರು.

“ವೆನ್ ದಿ ಅಲಾರ್ಮ್ ಗೋಸ್ ಆಫ್, ಇವ್ಯಾಕ್ಯುಯೇಟ್ ದಿ ಪ್ರೆಮಿಸಸ್” ಎಂದಿತ್ತು ಮೊದಲ ಸಾಲು. ಇವ್ಯಾಕ್ಯುಯೇಟ್, ಪ್ರೆಮಿಸಸ್ ಎರಡೂ ಗಂಟಲಲ್ಲಿ ಸಿಕ್ಕಿಕೊಳ್ಳುವಂಥ ಪದಗಳು. ಆಕೆ ನಿಘಂಟು ತೆಗೆದು, ಕನ್ನಡಕ ಒರೆಸಿಕೊಂಡು, ಎರಡನ್ನೂ ಹುಡುಕಿ, ‘ಜಾಗ ಬಿಟ್ಟು ಹೊರಡಿ’ ಎಂದು ಅರ್ಥ ಮಾಡಿಕೊಂಡಳು. ಅವಕ್ಕಿಂತ ಮೊದಲಿನ ಪುಟ್ಟ ಪದಗಳಿಗೆ ನಿಘಂಟು ಯಾಕೆ? ಗೋ ಅಂದರೆ ಹೋಗು. ಆಫ್ ಅಂದರೆ ಏನೆಂದು ಮನೆಯಲ್ಲಿ ದೀಪ ಆರಿಸುವ ಮಗುವಿಗೂ ಗೊತ್ತು. “ಗಂಟೆ ನಿಂತ ಮೇಲೆ ಸಾಲಾಗಿ ಹೊರಗೆ ನಡೆಯಿರಿ” ಎಂದು ಬರೆದುಕೊಟ್ಟಳು. ಬರೆದಾದ ಮೇಲೆ ಅದು ಸರಿಯೆಂದೇ ಕಂಡಿತು. ಗಂಟೆ ಬಡಿಯುವಾಗ ಓಡಿದರೆ ಒಬ್ಬರ ಮೇಲೊಬ್ಬರು ಬಿದ್ದಾರು. ನಿಂತ ಮೇಲೆ ಹೋದರೆ ಗಲಾಟೆಯಿಲ್ಲ. ದೊಡ್ಡವರು ಯೋಚಿಸಿಯೇ ಬರೆದಿದ್ದಾರೆ ಎಂದುಕೊಂಡಳು. ಪೇಂಟರ್ ಕೆಂಪು ಅಕ್ಷರದಲ್ಲಿ, ಇಸ್ತ್ರಿ ಕೊಠಡಿಯೊಳಗೆ ಬಾಗಿಲಿನ ಮೇಲ್ಗಡೆಯ ಬೋರ್ಡಿನಲ್ಲಿ, ಎಲ್ಲರಿಗೂ ಕಾಣುವಂತೆ ಬರೆದು ಹೋದ.

ಬೆಂಕಿ ಬಿದ್ದದ್ದು ಅದಾಗಿ ಎಂಟು ತಿಂಗಳಿಗೆ, ಒಂದು ಮಧ್ಯಾಹ್ನ. ಇಸ್ತ್ರಿ ಕೊಠಡಿಯ ಮೂಲೆಯಲ್ಲಿದ್ದ ಬಟ್ಟೆ ಒಣಗಿಸುವ ಯಂತ್ರದ ಹಿಂದೆ ಕಟ್ಟಿಕೊಂಡಿದ್ದ ನೂಲಿನ ಜುಂಗು ಹೊತ್ತಿಕೊಂಡಿತು. ಗಂಟೆ ಬಡಿಯಿತು. ಇಂಗ್ಲಿಷಮ್ಮ ಅಂಗಳಕ್ಕೆ ಓಡಿ ಬಂದಳು. ಇಸ್ತ್ರಿ ಕೊಠಡಿಯ ಮೇಲಿನ ಕಿಂಡಿಯಿಂದ ಹೊಗೆ ಎದ್ದಿತ್ತು. ಬಾಗಿಲು ಮುಚ್ಚಿತ್ತು. ಗಂಟೆ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು, ಒಳಗಿನಿಂದ ಒಬ್ಬರೂ ಹೊರಗೆ ಬರಲಿಲ್ಲ. ‘ಎಂಥ ಶಿಸ್ತು’ ಎಂದು ಆಕೆಗೆ ಅನ್ನಿಸಿತು. ಹೌದು, ಹಾಗೇ ಅನ್ನಿಸಿತು. ಎರಡು ನಿಮಿಷವೋ ಮೂರು ನಿಮಿಷವೋ ಆದ ಮೇಲೆ ಒಳಗೆ ಗಾಜು ಸಿಡಿದ ಸದ್ದಾಯಿತು. ಬಾಗಿಲು ಕಿತ್ತುಕೊಂಡು ಮೂವತ್ತು ಹೆಂಗಸರು ಕೆಮ್ಮುತ್ತ ಹೊರಬಿದ್ದರು. ಒಬ್ಬಳು ಬರಲಿಲ್ಲ. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಗಿಡ್ಡಗಿದ್ದಳು, ಬಾಯಿಗೆ ಬಿಡುವಿರಲಿಲ್ಲ.

ವಿಚಾರಣೆ ನಡೆಯಿತು. ಜುಂಗು ಗುಡಿಸದೆ ಬಿಟ್ಟದ್ದು, ಹಿಂಬಾಗಿಲಿಗೆ ಬೀಗ ಜಡಿದದ್ದು ತಪ್ಪೆಂದು ತೀರ್ಮಾನವಾಯಿತು. ಬೋರ್ಡು ಗೋಡೆಯ ಸಮೇತ ಸುಟ್ಟಿತ್ತು, ಅದರ ಮಾತೇ ಬರಲಿಲ್ಲ. ಲಾಂಡ್ರಿ ಮುಚ್ಚಿತು. ಇಂಗ್ಲಿಷಮ್ಮ ಗುಬ್ಬಿಗಾಗಿ ಎಲ್ಲರಂತೆ ಅತ್ತಳು, ಎಲ್ಲರಂತೆ ಕಾಲಕ್ರಮದಲ್ಲಿ ಮರೆತಳು.

ಹನ್ನೆರಡು ವರ್ಷ ಕಳೆದವು. ಆಕೆಯ ತಂಗಿಯ ಮೊಮ್ಮಗಳು ಯಾವುದೋ ಪರೀಕ್ಷೆಗೆ ಓದುತ್ತಿದ್ದಳು. ಇಂಗ್ಲಿಷಿನ ನುಡಿಗಟ್ಟುಗಳ ದಪ್ಪ ಪುಸ್ತಕವೊಂದನ್ನು ಹಿಡಿದುಕೊಂಡು ಭಾನುವಾರ ದೊಡ್ಡಜ್ಜಿಯ ಮನೆಗೆ ಬರುತ್ತಿದ್ದಳು. ದೊಡ್ಡಜ್ಜಿ ಸೊಪ್ಪು ಬಿಡಿಸುತ್ತ ಕೇಳಬೇಕು, ಇವಳು ಒಪ್ಪಿಸಬೇಕು. ಒಮ್ಮೊಮ್ಮೆ ಇವಳೇ ದೊಡ್ಡಜ್ಜಿಯನ್ನು ಪರೀಕ್ಷಿಸುವಳು.

“ಪುಲ್ ಸಮ್‌ಒನ್ಸ್ ಲೆಗ್?”

“ಕಾಲೆಳೆಯೋದು. ಅಯ್ಯೋ, ಇದು ನಮ್ಮದೇ ಕಣೇ. ಅವರು ಯಾವಾಗ ಕದ್ರು?”

ಹುಡುಗಿ ನಕ್ಕಳು. “ಸರಿ, ಪುಟ್ ಅಪ್ ವಿತ್?”

“ಜೊತೆಗೆ ಮೇಲಿಡೋದು?”

“ಅಲ್ಲ ದೊಡ್ಡಜ್ಜಿ! ಸಹಿಸ್ಕೊಳ್ಳೋದು. ಇವುಗಳ ಹಣೆಬರಹವೇ ಹೀಗೆ. ಬಿಡಿಬಿಡಿಯಾಗಿ ಸಾಧು ಪದಗಳು, ಒಟ್ಟಿಗೆ ಸೇರಿದ್ರೆ ಬೇರೆಯವರ ಮಕ್ಕಳ ಹಾಗೆ ಆಡ್ತವೆ. ಇದು ನೋಡಿ, ಎಲ್ಲಕ್ಕಿಂತ ಮಜಾ ಇದೆ. ಗೋ ಆಫ್. ಗಂಟೆ ಗೋ ಆಫ್ ಆಯ್ತು ಅಂದ್ರೆ ಬಡಿಯೋಕೆ ಶುರುವಾಯ್ತು ಅಂತ. ಹೆಸರಲ್ಲಿ ಆಫ್, ಕೆಲಸ ಎಲ್ಲ ಆನ್! ಎಂಥ ಹುಚ್ಚು ಭಾಷೆ ಅಲ್ವಾ?”

ಸೊಪ್ಪು ಬಿಡಿಸುವ ಕೈ ನಿಂತಿತು. “ಇನ್ನೊಂದ್ಸಲ ಓದು” ಎಂದಳು ಆಕೆ.

ಹುಡುಗಿ ಓದಿದಳು. ಆಕೆ ಪುಸ್ತಕ ಕೈಗೆ ತೆಗೆದುಕೊಂಡು ತಾನೇ ಓದಿದಳು. ಬೆರಳಿಟ್ಟು, ಮೊದಲ ತರಗತಿಯ ಮಗುವಿನ ಹಾಗೆ. ಆಮೇಲೆ ಕಪಾಟಿನಿಂದ ತನ್ನ ಹಳೆಯ ನಿಘಂಟು ತೆಗೆಸಿ ನೋಡಿದಳು. ಅಲ್ಲೂ ಇತ್ತು. ಅಂದೂ ಇತ್ತು. ಅಂದು ತೆರೆದ ಪುಟಗಳಿಂದ ಹೆಚ್ಚೆಂದರೆ ಒಂದಂಗುಲ ಆಚೆ.

ಅಂದಿನಿಂದ ಆಕೆಗೆ ಸದ್ದಿನ ಭಯವಲ್ಲ, ಸದ್ದು ನಿಲ್ಲುವುದರ ಭಯ ಹತ್ತಿತು. ಫ್ಯಾನು ತಿರುಗಿ ತಿರುಗಿ ನಿಂತರೆ, ನಲ್ಲಿಯ ನೀರು ಗಕ್ಕನೆ ನಿಂತರೆ, ಪಕ್ಕದ ಮನೆಯ ಹೊಲಿಗೆ ಯಂತ್ರ ಸುಮ್ಮನಾದರೆ, ಬೆನ್ನ ಹಿಂದೆ ಯಾರೋ ಎದ್ದು ಸೀರೆ ಸರಿಮಾಡಿಕೊಂಡು ಹೊರಡಲು ಅಣಿಯಾದ ಹಾಗೆ ಕೇಳುತ್ತಿತ್ತು. ತಿರುಗಿ ನೋಡಿದರೆ ಗೋಡೆ. ಆದರೂ ಅವರೆಲ್ಲ ಅಲ್ಲಿ ಸಾಲಾಗಿ ನಿಂತಿದ್ದಾರೆ, ಮೂವತ್ತೊಂದು ಜನ, ತಲೆಯೆತ್ತಿ ಓದುತ್ತಿದ್ದಾರೆ, ತಾನು ಬರೆದದ್ದನ್ನು ನಂಬಿ ಕಾಯುತ್ತಿದ್ದಾರೆ ಎಂದು ಆಕೆಗೆ ಗೊತ್ತಿತ್ತು. ಹಗಲಿಡೀ ರೇಡಿಯೋ ಹಾಕಿಡತೊಡಗಿದಳು. ತಂಗಿ ಬಂದು, “ಕಿವಿ ಕೆಟ್ಟಿದ್ಯಾ ಅಕ್ಕ? ಆಫ್ ಮಾಡ್ಲಾ?” ಎಂದು ಗುಂಡಿಗೆ ಕೈ ಹಾಕಿದಾಗ ಕಿಟಾರನೆ ಕಿರುಚಿದಳು.

ಒಂದು ತಿಂಗಳು ಹಾಗೇ ಸವೆಸಿ, ಕೊನೆಗೆ ಆಕೆ ಉದ್ದಕ್ಕನನ್ನು ಹುಡುಕಿಕೊಂಡು ಹೋದಳು. ಲಾಂಡ್ರಿಯಲ್ಲಿ ಉದ್ದಕ್ಕ ಮತ್ತು ಗುಬ್ಬಿ ಜೋಡಿ. ಹಾಸುಬಟ್ಟೆ ಮಡಿಸಲು ಇಬ್ಬರು ಬೇಕು; ಒಬ್ಬಳು ಈ ಎರಡು ತುದಿ, ಇನ್ನೊಬ್ಬಳು ಆ ಎರಡು ತುದಿ. ಒಂಬತ್ತು ವರ್ಷ ಹಾಗೆ ಎದುರುಬದುರು ನಿಂತವರು. ಉದ್ದಕ್ಕ ಈಗ ಬಸ್ ಡಿಪೋ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಟೈಲರ್ ಒಬ್ಬನಿಗೆ ಕಾಜಾ-ಗುಂಡಿ ಹಾಕಿಕೊಡುತ್ತಿದ್ದಳು.

“ಯಾರು? ಇಂಗ್ಲಿಷಮ್ಮನೋರಾ? ದಾರಿ ತಪ್ಪಿ ಬಂದ್ರಾ ಹೇಗೆ? ಬನ್ನಿ, ಕೂತ್ಕೊಳ್ಳಿ” ಎಂದು ಉದ್ದಕ್ಕ ಅಂಗಿಗಳ ರಾಶಿ ಸರಿಸಿ ಜಾಗ ಮಾಡಿದಳು.

ಆಕೆ ಕೂರಲಿಲ್ಲ. ಕೂತರೆ ಹೇಳಲಾಗದು ಅನ್ನಿಸಿತು. ನಿಂತೇ ಎಲ್ಲ ಹೇಳಿದಳು: ಹಾಳೆ, ನಿಘಂಟು, ನೋಡದೆ ಬಿಟ್ಟ ಎರಡು ಪದ. “ಬಡಿದ ಕೂಡಲೇ ಓಡಿ ಅಂತಿತ್ತು. ನಾನು ನಿಂತ ಮೇಲೆ ಅಂತ ಬರೆದೆ. ನನ್ನಿಂದ ಹೋದ್ಲು ಅವಳು.”

ಉದ್ದಕ್ಕ ಹೊಲಿಯುತ್ತಿದ್ದ ಗುಂಡಿ ಮುಗಿಸಿದಳು. ದಾರ ಹಲ್ಲಿನಲ್ಲಿ ಕಡಿದಳು. ಆಮೇಲೆ ತನ್ನ ಬಲಗೈಯನ್ನು ಬೇರೆ ಯಾರದೋ ವಸ್ತುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ನೋಡಿದಳು.

“ಹೊಗೆ ಬಂದ ಕೂಡಲೇ ಅವಳು ಹೋಗೋಣ ಬಾ ಅಂದ್ಲು. ಬಾಗಿಲ ಹತ್ರನೇ ಇದ್ವಿ. ನಾನೇ ಅವಳ ಕೈ ಹಿಡ್ಕೊಂಡೆ. ಬೋರ್ಡ್ ನೋಡೇ ಹುಚ್ಚಿ, ಗಂಟೆ ನಿಲ್ಲಲಿ, ಇಲ್ದಿದ್ರೆ ಬೈತಾರೆ ಅಂದೆ. ಗಾಜು ಒಡೆದಾಗ ಎಲ್ರೂ ನುಗ್ಗಿದ್ರು, ಕೈ ಜಾರ್ತು. ಹೊಗೆಯಲ್ಲಿ ದಿಕ್ಕು ತಪ್ಪಿ ಅವಳು ಹಿಂಬಾಗಿಲ ಕಡೆ ಹೋಗಿದ್ಲಂತೆ.” ಉದ್ದಕ್ಕನ ಧ್ವನಿ ಏರಲಿಲ್ಲ. “ಹನ್ನೆರಡು ವರ್ಷದಿಂದ ಈ ಕೈಯಲ್ಲೇ ಉಣ್ತಿದ್ದೀನಿ. ಒಂದು ತುತ್ತೂ ರುಚಿ ಹತ್ತಿಲ್ಲ. ನನ್ನ ಗಂಡನಿಗೂ ಹೇಳಿಲ್ಲ ಇದನ್ನ.”

ಇಂಗ್ಲಿಷಮ್ಮ ಕ್ಷಮೆ ಕೇಳಲು ಬಾಯಿ ತೆರೆದಳು.

“ಬೇಡ,” ಎಂದಳು ಉದ್ದಕ್ಕ. “ಕೇಳ್ಬೇಡಿ. ನೀವು ಬಂದು ಹೇಳಿದ್ರಿ, ನನ್ನ ಕೈ ಹಗುರ ಆಯ್ತು. ಅದು ನಿಜ. ಇಷ್ಟು ವರ್ಷ ನಿಮ್ಮ ಭಾರ ನಾನು ಹೊತ್ತೆ ಅಂತ ಹೊಟ್ಟೆ ಉರೀತಾ ಇದೆ. ಅದೂ ನಿಜ. ಇವತ್ತು ಹೋಗಿ. ಬುಧವಾರ ಬನ್ನಿ. ಗುಬ್ಬಿ ತಾಯಿ ಇನ್ನೂ ಇದ್ದಾರೆ. ಅವರಿಗೂ ಹೇಳ್ಬೇಕು. ಇಬ್ರೂ ಹೋಗೋಣ.”

ಬುಧವಾರ ಇಬ್ಬರೂ ಹೋದಾಗ ಗುಬ್ಬಿಯ ತಾಯಿ ಮಗನ ಮನೆಯ ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು. ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಇಂಗ್ಲಿಷಮ್ಮ ಮೊದಲು ಹೇಳಿದಳು, ಉದ್ದಕ್ಕ ನಂತರ. ಮುದುಕಿ ಬೋರ್ಡಿನ ವಿಷಯಕ್ಕೆ ತಲೆಯಾಡಿಸಿದರು, ಗಂಟೆಯ ವಿಷಯಕ್ಕೂ ಆಡಿಸಿದರು. ಇಂಗ್ಲಿಷಿನ ಸಂಗತಿ ಅವರಿಗೆ ಎಷ್ಟು ತಿಳಿಯಿತೋ ಬಿಟ್ಟಿತೋ. ಅವರು ಹಿಡಿದುಕೊಂಡದ್ದು ಒಂದೇ ಮಾತು.

“ಅಂದ್ರೆ ಅವಳು ಹೊರಡೋಣ ಅಂದಿದ್ಲಾ?”

“ಹೌದಮ್ಮ. ಎಲ್ಲರಿಗಿಂತ ಮೊದಲು ಅಂದಿದ್ಲು” ಎಂದಳು ಉದ್ದಕ್ಕ.

“ಎಲ್ಲರೂ ಹೇಳಿದ್ರು, ನಿನ್ನ ಮಗಳು ಮಾತಾಡ್ತಾ ಮೈಮರೆತು ಉಳ್ಕೊಂಡ್ಲು ಅಂತ. ನಾನೂ ನಂಬ್ಬಿಟ್ಟೆ. ಬಾಯಿಬಡುಕಿ, ನಿನ್ನ ಮಾತೇ ನಿನ್ನ ತಿಂತು ಅಂತ ಎಷ್ಟು ಬೈದಿದ್ದೀನಿ ಅವಳ ಫೋಟೋ ಮುಂದೆ.” ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡರು. “ಜಾಣೆ ನನ್ನ ಮಗಳು. ಜಾಣೆ.”

ಇಂಗ್ಲಿಷಮ್ಮನನ್ನು ಅವರು ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಸ್ವಲ್ಪ ಹೊತ್ತಿಗೆ ಗುಬ್ಬಿ ಚಿಕ್ಕವಳಿದ್ದಾಗ ಬಾವಿಕಟ್ಟೆಯ ಮೇಲೆ ಕೂತು ಕೊಡಕ್ಕೆ ಕಥೆ ಹೇಳುತ್ತಿದ್ದುದನ್ನು ನೆನೆಸಿಕೊಂಡು ನಕ್ಕರು. ಉದ್ದಕ್ಕನೂ ಲಾಂಡ್ರಿಯ ಒಂದು ಪ್ರಸಂಗ ಹೇಳಿದಳು. ಮಾತು ಮುಗಿದು ಕೋಣೆ ಸುಮ್ಮನಾದಾಗ ಇಂಗ್ಲಿಷಮ್ಮನ ಬೆನ್ನು ತಣ್ಣಗಾಯಿತು. ಆಕೆ ತಿರುಗಿ ನೋಡಲಿಲ್ಲ. ಮಂಚದ ಕಟ್ಟು ಹಿಡಿದು ಕೂತಳು.

ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಬಸ್ಸು ಹತ್ತುವ ಮೊದಲು ಉದ್ದಕ್ಕ, ಮುಖ ಬೇರೆ ಕಡೆ ಇಟ್ಟುಕೊಂಡೇ, “ಮುಂದಿನ ತಿಂಗಳೂ ಬರೋಣ. ಅವರ ಹತ್ರ ಅವಳ ಮಾತಾಡೋರು ಯಾರೂ ಇಲ್ಲ” ಎಂದಳು.

“ಬರ್ತೀನಿ” ಎಂದಳು ಆಕೆ.

ಮುದುಕಿ ಬದುಕಿದ್ದ ನಾಲ್ಕು ವರ್ಷವೂ ಅವರು ತಿಂಗಳಿಗೊಂದು ಬುಧವಾರ ಹೋದರು. ಉದ್ದಕ್ಕ ಆಕೆಯನ್ನು ಕೊನೆಯವರೆಗೂ ಮನೆಗೆ ಕರೆಯಲಿಲ್ಲ. ಸ್ಟಾಪಿನಲ್ಲಿ ಮಾತ್ರ ತಪ್ಪದೆ ಕಾಯುತ್ತಿದ್ದಳು.